ಉಸಿರಿನ ನಂದಾದೀಪ

ಎಣ್ಣೆಬೀಜಗಳು ಭೂಮಿಯಿಂದ ಮರೆಯಾದ ಮೇಲೆ ಕಪಿಲಾತೀರದ ಆ ಗುಡಿಯ ನಂದಾದೀಪ ಭಕ್ತರ ಉಸಿರಿನಿಂದಲೇ ಉರಿಯುತ್ತಿತ್ತು. ಬಂದವರು ಹಣತೆಯ ಮೇಲಿನ ಭರಣಿಯ ಕೊಳವೆಗೆ ಬಾಯಿಟ್ಟು ಊದುವರು. ಭರಣಿಯೊಳಗಿನ ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಹರಳುಗಳು ಆ ಉಸಿರಿನ ಇಂಗಾಲವನ್ನು ಹಿಡಿದು, ಇಂಧನವಾಗಿಸಿ, ಹನಿಹನಿಯಾಗಿ ಹಣತೆಗೆ ಇಳಿಸುವುವು.

ಅರ್ಚಕರ ಸೊಸೆ ವೈಜಯಂತಿ ಅಂದು ಬೆಳಿಗ್ಗೆ, ಮಡಿಯಾಗಲೆಂದು, ಹರಳುಗಳನ್ನೆಲ್ಲ ನದಿಯಲ್ಲಿ ತೊಳೆದು ತಂದಳು. ಆಮೇಲೆ ಒಂದು ಹನಿಯೂ ಇಳಿಯಲಿಲ್ಲ.

"ಹರಳಿಗೆ ಹೊಟ್ಟೆ ತುಂಬ ನೀರು ಕುಡಿಸಿದೆಯಲ್ಲಮ್ಮ! ಇನ್ನು ಉಸಿರಿಗೆ ಜಾಗವೆಲ್ಲಿ?" ಎಂದರು ಮಾವ ತಿರುಮಲಾಚಾರ್ಯರು. "ಹೋಗಲಿ, ಸಂಜೆಗೆ ದೀಪ ಆರುತ್ತದೆ. ನಾಳೆ ಹೊಸದಾಗಿ ಹೊತ್ತಿಸೋಣ."

"ಆರಗೊಡುವುದಿಲ್ಲ ಮಾವನವರೇ. ತೀರಿಕೊಂಡ ಅತ್ತೆಯವರು ಕಡೆಯ ಸಲ ಊದಿದ್ದೂ ಈ ಜ್ವಾಲೆಗೇ."

ವೈಜಯಂತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಾಕಶಾಲೆಯ ಬಿಸಿಲೊಲೆಯ ಮೇಲೆ ಬಾಣಲೆಯಿಟ್ಟು ಹರಳುಗಳನ್ನು ಹುರಿಯತೊಡಗಿದಳು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಸಟ್ಟುಗ ನಿಲ್ಲಲಿಲ್ಲ. ಹಬೆಯೆಲ್ಲ ಅಡಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಜ್ವಾಲೆ ಬತ್ತಿಯ ತುದಿಗೆ ಅಂಟಿಕೊಂಡು ನಡುಗುತ್ತಿತ್ತು.

ಆರಿದ ಹರಳುಗಳನ್ನು ಭರಣಿಗೆ ತುಂಬಿ ಅವಳು ಊದಿದಳು. ಬಳಲಿದ ಎದೆಯಲ್ಲಿ ಉಸಿರೇ ಸಾಲದಾಯಿತು. ಆಗ ಮಾವನವರ ಕೈ ಮುಂದೆ ಬಂದು ಕೊಳವೆಯನ್ನು ತೆಗೆದುಕೊಂಡಿತು. ಆಚಾರ್ಯರು ಅದಕ್ಕೆ ಬಾಯಿಟ್ಟು ನಿತ್ಯದ ಸ್ತೋತ್ರವನ್ನು ತುಂಬುಕಂಠದಿಂದ ಪಠಿಸಿದರು. ಹನಿಯೊಂದು ಹಣತೆಗೆ ಬಿತ್ತು. ಜ್ವಾಲೆ ನೀಲಿಯಾಗಿ, ನೆಟ್ಟಗೆ ಎದ್ದು ನಿಂತಿತು.

"ನಾಳೆ ಹೊತ್ತಿಸೋಣ ಎಂದೆನಲ್ಲ," ಎಂದರು ಆಚಾರ್ಯರು, ಕಣ್ಣೊರೆಸಿಕೊಳ್ಳುತ್ತ. "ನಿಮ್ಮತ್ತೆ ಇದ್ದಿದ್ದರೆ ಹರಳಿನ ಜೊತೆ ನನ್ನನ್ನೂ ಹುರಿಯುತ್ತಿದ್ದಳು." ಮತ್ತೆ ಕೊಳವೆಗೆ ಬಾಯಿಟ್ಟರು.