ಬ್ಲಾಗಿನವನ ಕ್ಷಮಾಪಣೆ

ವಕೀಲರ ಎರಡು ನೋಟೀಸಿಗೆ ಉತ್ತರ ಕೊಡದವನು ಮೂರನೆಯದಕ್ಕೆ ಖುದ್ದಾಗಿ ಕಚೇರಿಗೆ ಬಂದು ನಿಂತ. ಚಪ್ಪಲಿ ಬಿಡುತ್ತಲೇ ಒಳಗಿನ ಕೋಣೆಯತ್ತ ಇಣುಕಿದ.

"ಅವರು ಬಂದಾರೇನ್ರಿ?"

"ಯಾರು?" ಎಂದ ಸದಾನಂದ.

"ನೀತಾ ಮೇಡಮ್."

ಟೈಪ್ ಮಾಡುತ್ತಿದ್ದ ತ್ರಿವೇಣಿ ಕಿಸಕ್ಕನೆ ನಕ್ಕಳು. "ಬರ್ತಾರಪಾ, ಬರ್ತಾರ. ಮಾನ ಕಳದಿಯಲ್ಲ, ಆರತಿ ಎತ್ತಾಕ ಬರ್ತಾರ!"

ಸದಾನಂದ ನಗಲಿಲ್ಲ. ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಈ ಮರಾಠಿ ಊರಿನ ಶಿವಾಜಿನಗರ ಕೋರ್ಟಿನ ಎದುರಿನ ಈ ಕಚೇರಿಗೆ ಜೂನಿಯರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಇನ್ನೂ ಒಂದು ಕೆಲಸವನ್ನೂ ಒಬ್ಬನೇ ಮುಗಿಸಿರಲಿಲ್ಲ. ಹಿರಿಯ ವಕೀಲ ಅಪ್ಪಾಸಾಹೇಬರು ಬೆಳಿಗ್ಗೆ ಮುಂಬಯಿಗೆ ಹೊರಡುವಾಗ ಹೇಳಿದ್ದು ಇಷ್ಟೇ: "ಹುಡುಗ ಕನ್ನಡದವ, ನೀನೂ ಕನ್ನಡದವ. ಐದರೊಳಗ ಕ್ಷಮಾಪಣಿಗೆ ಸಹಿ ಹಾಕಿಸು. ಹಾಕ್ಲಿಲ್ಲಾ, ನಾಳೆ ಫಿರ್ಯಾದು."

ಹುಡುಗನ ಹೆಸರು ಕಿಶೋರ. ಊರಂಚಿನ ಖರಾಡಿಯ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ ಕೆಲಸ. ಬ್ಲಾಗ್ ಬರೆದದ್ದೂ ಆ ಕಂಪನಿಯ ಕಂಪ್ಯೂಟರಿನಿಂದಲೇ. ಕೇಸಾದರೆ ನೌಕರಿ ಹೋಗುವುದು ಖಂಡಿತ, ಎರಡು ವರ್ಷದ ಜೈಲೂ ಆಗಬಹುದು.

ಬ್ಲಾಗಿನಲ್ಲಿ ನಲವತ್ಮೂರು ಬರಹಗಳಿದ್ದವು. ಎಲ್ಲವೂ ಈ ಕಚೇರಿಯ ಕಕ್ಷಿದಾರಳಾದ, ಮರಾಠಿ ಧಾರಾವಾಹಿಯ ನಟಿ ನೀತಾಳ ಮೇಲೆ. ಸದಾನಂದ ಒಂದನ್ನೂ ಬಿಡದೆ ಎರಡೆರಡು ಸಲ ಓದಿದ್ದ. ಯಾವ ಸಮಾರಂಭಕ್ಕೆ ಯಾವ ಸೀರೆ ಉಟ್ಟಳು, ಸಂದರ್ಶನದಲ್ಲಿ ಎಷ್ಟು ಸಲ ಕೆಮ್ಮಿದಳು, ಯಾಕೆ ಇಷ್ಟು ಸೊರಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ. ಹುಚ್ಚು ಅಭಿಮಾನಿ ಎಂದುಕೊಂಡಿದ್ದ. ಕೊನೆಯ ಬರಹ ಮಾತ್ರ ಬೇರೆ. ನಟಿಯಾಗುವ ಮೊದಲು, ಮದುವೆಗೂ ಮೊದಲು, ಮೀರಜಿನ ಒಂದು ಹೆರಿಗೆ ಮನೆಯಲ್ಲಿ ನೀತಾ ಕೂಸು ಹೆತ್ತು ಅಲ್ಲೇ ಬಿಟ್ಟು ಬಂದಳು, ಎಂದು. ಮೊದಲ ಆರು ದಿನದಲ್ಲೇ ಒಂಬತ್ತು ಸಾವಿರ ಜನ ಅದನ್ನು ಓದಿದ್ದರು.

"ಇದನ್ನ ಯಾರು ಹೇಳಿದ್ರು ನಿನಗ?"

"ಯಂಕವ್ವ ಅಂತ್ರಿ. ಆ ಹೆರಿಗಿ ಮನ್ಯಾಗ ಕಸ ಹೊಡೀತಿದ್ಲು. ಆಮ್ಯಾಲೆ ನಮ್ಮ ಜೋಡಿ ಇಲ್ಲೇ ಬಿಬವೇವಾಡಿಗೆ ಬಂದ್ಲು."

"ಕರಕೊಂಡು ಬಾ ಆಕಿನ್ನ."

"ದೀಪಾವಳಿಗೆ ತೀರಿಕೊಂಡ್ಲು."

"ಕಾಗದ? ಫೋಟೊ?"

"ಏನೂ ಇಲ್ರಿ."

"ಸತ್ತವರ ಸಾಕ್ಷಿ ಭಾಳ ಚಲೋ," ಎಂದಳು ತ್ರಿವೇಣಿ, ಟೈಪ್ ನಿಲ್ಲಿಸದೆ. "ತಿರುಗಿ ಮಾತಾಡೂದಿಲ್ಲ."

ಸದಾನಂದ ಕುರ್ಚಿ ಮುಂದಕ್ಕೆಳೆದ. ಅಪ್ಪಾಸಾಹೇಬರು ಹೇಳಿಕೊಟ್ಟಿದ್ದರು, ಇಂಥವರು ಬರುವುದೇ ಕೈ ಒಡ್ಡಲು.

"ಏನು ಬೇಕು ನಿನಗ? ಬಾಯಿ ಬಿಟ್ಟು ಹೇಳು."

"ಕೇಸ್ ಹಾಕ್ರಿ."

"ಏನಂದಿ?"

"ಹಾಕಿದ್ರ ಅವರು ಬರಬೇಕಾಗ್ತದಲ್ರಿ? ಇಂಟರ್‌ನೆಟ್ಟಿನ್ಯಾಗ ಓದೀನಿ. ಮಾನಹಾನಿ ಫಿರ್ಯಾದು ಕೊಟ್ಟವರು ತಾವೇ ಮ್ಯಾಜಿಸ್ಟ್ರೇಟರ ಮುಂದ ನಿಂತು ಪ್ರಮಾಣ ಮಾಡಿ ಹೇಳಬೇಕಂತ. ವಕೀಲರನ್ನ ಕಳಿಸಿದ್ರ ನಡಿಯೂದಿಲ್ಲಂತ."

ಕಾನೂನು ಹಾಗೇ ಇತ್ತು. ಒಂದು ಸಲ ಹತ್ತಿರದಿಂದ ನೋಡಲು ಜೈಲಿಗೂ ತಯಾರಾದ ಅಭಿಮಾನಿ. ಸದಾನಂದನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಕನಿಕರವೂ ಬರಲಿಲ್ಲ. ಕಂಠಪಾಠ ಒಪ್ಪಿಸುವವನ ಹಾಗೆ ಹೇಳತೊಡಗಿದ.

"ಬರ್ತಾರ. ಬಂದ ಮ್ಯಾಲೆ ಏನಾಗ್ತದ ಗೊತ್ತೇನು? ನಿನ್ನ ವಕೀಲನೇ ಆಕಿನ್ನ ಕೇಳ್ತಾನ. ಯಾವ ದವಾಖಾನಿ, ಯಾವ ದಿನ, ಯಾರ ಕೂಸು. ಡಾಕ್ಟರ್ ತಪಾಸಣಿ ಆಗ್ಲಿ ಅಂತಾನ. ಹಿಂದ ಪೇಪರಿನವರು ಕುಂತಿರ್ತಾರ. ಆಕಿ ಅಳ್ತಾಳ, ಅದನ್ನೂ ಬರಕೋತಾರ. ನೀ ಕಟಕಟಿಯೊಳಗ ನಿಂತು ನೋಡ್ತಿರ್ತಿ."

ಹೇಳಿ ಮುಗಿಸಿದ ಮೇಲೆ ಅನುಮಾನವಾಯಿತು. ಎದುರು ಪಕ್ಷದವನಿಗೆ ಇಷ್ಟೆಲ್ಲ ಬಿಡಿಸಿ ಹೇಳಬಹುದೇ? ಅಪ್ಪಾಸಾಹೇಬರಾಗಿದ್ದರೆ ಹೇಳುತ್ತಿದ್ದರೇ?

ಕಿಶೋರ ಕಿಟಕಿಯಾಚೆ ರಿಕ್ಷಾಗಳ ಸಾಲನ್ನು ನೋಡುತ್ತಿದ್ದ.

"ಅಷ್ಟೂ ಕೇಳ್ತಾರೇನ್ರಿ?"

"ಕೇಳಲೇಬೇಕು. ಬರದದ್ದು ಖರೆ ಅಂತ ತೋರಿಸೂ ಹೊಣಿ ನಿಂದು."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಕಿಶೋರ ಕೈ ಚಾಚಿದ. "ಕೊಡ್ರಿ. ಸಹಿ ಹಾಕ್ತೀನಿ."

ಕಾಗದ ಇಂಗ್ಲಿಷಿನಲ್ಲಿತ್ತು. ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು. ಆದರೂ ಸಹಿ ಮಾಡುವವನ ಮಾತೃಭಾಷೆಯಲ್ಲಿ ಓದಿ ತಿಳಿಸಿ, ತಿಳಿಸಿದ್ದೇನೆಂದು ಕೆಳಗೆ ಷರಾ ಬರೆಯುವುದು ಈ ಕಚೇರಿಯ ರೂಢಿ. ಬೇರೆಯವರು ಓದದೆಯೇ ಷರಾ ಬರೆಯುತ್ತಿದ್ದರು. ಸದಾನಂದನಿಂದ ಅದು ಆಗದು. ಸಾಲು ಸಾಲಾಗಿ ಕನ್ನಡ ಮಾಡಿ ಓದಿದ.

"ನೀತಾ ಅವರ ಬಗ್ಗೆ ನಾನು ಬರೆದದ್ದು ಸುಳ್ಳು. ಅವರನ್ನು ನಾನು ಎಂದೂ ಭೇಟಿಯಾಗಿಲ್ಲ."

"ನೆನಪಿಲ್ಲ ಅಂತ ಬರದ್ರ ನಡೀತದೇನ್ರಿ?"

"ನೆನಪಿಲ್ಲ ಅಂದ್ರ ಭೇಟಿ ಆಗೀದಿ ಅಂದಂಗಾತು."

"ಕನಸಿನ್ಯಾಗ ಆಗಿರಬೇಕ್ರಿ," ಎಂದಳು ತ್ರಿವೇಣಿ. "ದಿನಾ ರಾತ್ರಿ ಎಂಟಕ್ಕ ನಾನೂ ಆಗ್ತೀನಿ, ಟೀವಿಯೊಳಗ."

"ಇರ್ಲಿ ಬಿಡ್ರಿ," ಎಂದ ಕಿಶೋರ. "ಮುಂದ ಓದ್ರಿ."

"ಅವರ ಹೊಟ್ಟೆಯಲ್ಲಿ ಅಂಥ ಕೂಸು ಹುಟ್ಟಿಯೇ ಇಲ್ಲ. ಈ ಮಾತನ್ನು ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿದ್ದೇನೆ." ಸದಾನಂದ ತಲೆಯೆತ್ತಿದ. "ತಿಳೀತೇನು?"

"ತಿಳೀತ್ರಿ."

ಸಹಿ ದುಂಡಗೆ, ನಿಧಾನವಾಗಿ ಬಂತು. ಸದಾನಂದ ಮೊದಲ ಬಾರಿಗೆ ಒಬ್ಬನೇ ಒಂದು ಕೆಲಸ ಮುಗಿಸಿದ್ದ. ಖುಷಿಯಾಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಆಗಲಿಲ್ಲ. ಕಾಗದವನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಪರಿಶೀಲಿಸಿ, ಹುಡುಗನ ಕಡೆಗೇ ತಿರುಗಿಸಿಟ್ಟ.

"ಹೆಸರು ಬರದಿ, ಉದ್ಯೋಗ ಬರದಿ. ವಯಸ್ಸು ಖಾಲಿ ಬಿಟ್ಟೀಯಲ್ಲ."

ಕಿಶೋರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಹುಟ್ಟೇ ಇಲ್ಲ ಅಂತ ಸಹಿ ಮಾಡೀನಲ್ರಿ, ಸರ. ಇನ್ನ ವಯಸ್ಸು ಎಷ್ಟಂತ ಬರೀಲಿ?"