ಸುಭದ್ರೆಯ ಗೋಡೆ

ನಮ್ಮೂರಲ್ಲಿ ಎಲ್ಲರ ಬ್ಲಾಗೂ ಮನೆಯ ಹೊರಗೋಡೆಯ ಮೇಲೆ ಮೂಡುತ್ತದೆ. ತೀರಿಹೋದವರ ಬಗ್ಗೆ ಮನೆಯವರು ಹದಿಮೂರನೆಯ ದಿನದ ಸಂಜೆಯೊಳಗೆ ಬರೆದು ಮುಗಿಸದಿದ್ದರೆ ಗೋಡೆ ಸತ್ತವರ ಪುಟವನ್ನೇ ಅಳಿಸಿಬಿಡುತ್ತದೆ.

ನನ್ನ ಹೆಂಡತಿ ಸುಭದ್ರೆ ಹೋಗಿ ಇಂದಿಗೆ ಹದಿಮೂರನೆಯ ದಿನ. ಅವಳ ಹೆಸರು ದಪ್ಪಗೆ ಕಾಣಲೆಂದು ಅದರ ಮುಂದೆ ದಪ್ಪಕ್ಷರ ಶುರುಮಾಡುವ ಗುರುತು ಹಾಕಿದೆ. ಹೆಸರಿನ ಕೊನೆಗೆ ಅದನ್ನು ಮುಗಿಸುವ ಗುರುತು ಮರೆತೆ. ದಪ್ಪಕ್ಷರ ಪಕ್ಕದ ಮನೆಯ ಗೋಡೆಗೂ ಹರಿಯಿತು.

“ಏನ್ರೀ ರಾಯರೇ, ನಾನು ಬರೆದ ತಿಳಿಸಾರಿನ ವಿಧಾನ ಊರಿಗೆಲ್ಲಾ ಕೂಗಿ ಹೇಳೋ ಹಾಗಿದೆ!” ಎನ್ನುತ್ತ ಪಕ್ಕದ ಮನೆಯ ಅಂಬುಜಮ್ಮ ಬಂದರು. ನನ್ನ ಮುಖ ನೋಡಿ ಮೆತ್ತಗಾದರು. “ಗೋಡೆಗೆ ಬರೆಯೋ ಹೊಸ ಹಲಗೆ ಇದು, ತಗೊಳ್ಳಿ. ಗುರುತು ಗಿರುತು ಬೇಡ, ಅಕ್ಷರದ ಮೇಲೆ ಬೆರಳು ಸವರಿದ್ರೆ ಸಾಕು.”

“ಇಷ್ಟು ಸುಲಭದ್ದು ಅವಳಿಗೆ ಸೇರ್ತಿರಲಿಲ್ಲ.”

“ಅವರಿಗೆ ಆ ಗುರುತೆಲ್ಲ ಹಾಕೋಕೆ ಬರ್ತಿತ್ತು. ನಿಮಗೆ ಬರಲ್ವಲ್ಲ!”

ಅವರು ಕೊಟ್ಟ ಹಲಗೆಯಲ್ಲಿ ಗೋಡೆ ಇದ್ದಂತೆಯೇ ಕಂಡಿತು. ದೇವರ ಪಟಕ್ಕೆ ಗಂಧ ಹಚ್ಚುವಂತೆ ಅವಳ ಹೆಸರನ್ನು ಸವರಿದೆ. ಅದೊಂದೇ ದಪ್ಪಗಾಗಿ ನಿಂತಿತು. ಈ ಹಲಗೆ ಮಾಡಿದವರನ್ನು ತಣ್ಣಗಿಡು ಎಂದು ಹರಿಯನ್ನು ಬೇಡಿಕೊಂಡೆ.

ಗುರುತುಗಳ ಚಿಂತೆ ಹೋದ ಮೇಲೆ ಹೇಳಬೇಕಾದ ಮಾತು ಮಾತ್ರ ಉಳಿಯಿತು. ಹೊತ್ತು ಮುಳುಗುವ ಮೊದಲು ಬರೆದೆ: “ದಿನವೂ ನಾನು ಉಣ್ಣುವವರೆಗೆ ಕಾದಳು. ನಾನೊಮ್ಮೆಯೂ ಅವಳಿಗಾಗಿ ಕಾಯಲಿಲ್ಲ.”

ಗೋಡೆ ಅದನ್ನು ಉಳಿಸಿಕೊಂಡಿತು.