ನಾಲ್ಕು ಬೆರಳು ಕೆಂಪು

"ಮುಥಾಮನ ಅಮ್ಮಾ, ಬಾ ಇಲ್ಲಿ, ಇದನ್ನೊಮ್ಮೆ ನೋಡು." ಮುಸೆಂಬಿ ಬಾಗಿಲ ಬೆಳಕಿಗೆ ನಿಂತು ತನ್ನ ಕೆಂಪು ಸ್ವೆಟರನ್ನು ಎರಡೂ ಕೈಯಿಂದ ಕೆಳಕ್ಕೆ ಜಗ್ಗಿದ. ಅದು ಹೊಕ್ಕುಳಿನ ತನಕ ಬಂದು, ಇನ್ನು ಇಳಿಯುವುದಿಲ್ಲವೆಂದು ಹಟ ಹಿಡಿಯಿತು. "ಹೋದ ತಿಂಗಳು ಬೆಲ್ಟು ಮುಚ್ತಿತ್ತು. ಹೊಟ್ಟೆ ಮತ್ತೆ ಬೆಳೆದಿದೆ ಕಣೇ."

"ವಯಸ್ಸಾಯ್ತಲ್ಲ, ಎಲ್ರಿಗೂ ಬರುತ್ತೆ" ಎಂದಳು ಹೆಂಡತಿ ಸ್ಯೊಂಬುವಾ, ತೊಡೆಯ ಮೇಲೆ ಕತ್ತಾಳೆ ನಾರು ಹೊಸೆಯುತ್ತ. ತಲೆ ಎತ್ತಲಿಲ್ಲ.

ಬೆಳೆದದ್ದು ಹೊಟ್ಟೆಯಲ್ಲ, ಅವಳ ಮಡಿಲಲ್ಲಿದ್ದ ಬುಟ್ಟಿ. ಮಗ ಮುಥಾಮನ ಹೆಂಡತಿ ಮನೆ ತುಂಬುವ ದಿನ ಅತ್ತೆಯಾದವಳು ಸ್ವಂತ ಕೈಯಿಂದ ನೇಯ್ದ ಬುಟ್ಟಿಯನ್ನು ಅವಳ ಬೆನ್ನಿಗೆ ಹಾಕಬೇಕು. ಊರಿನ ಹೆಂಗಸರು ಅದನ್ನು ಒಳಹೊರಗು ಮಗುಚಿ ನೋಡುತ್ತಾರೆ. ಗುಡ್ಡಕ್ಕೇ ಒಳ್ಳೆಯ ನೇಕಾರಳೆಂದು ಹೆಸರಾದ ಸ್ಯೊಂಬುವಾ ಮೂರು ಕೆಂಪು ಪಟ್ಟಿಯ ಬುಟ್ಟಿ ಹಿಡಿದು ಕೂತಿದ್ದಳು. ಸಂತೆಯಲ್ಲಿ ಕೊಂಡ ಕೂಸಿನ ಹಳೆಯ ಸ್ವೆಟರೊಂದನ್ನು ಬಿಚ್ಚಿದ ಉಣ್ಣೆ ಒಂದೇ ಪಟ್ಟಿಗೆ ಮುಗಿಯಿತು. ಆ ಕೆಂಪು ಮತ್ತೆಲ್ಲೂ ಸಿಗಲಿಲ್ಲ, ಗೂಟಕ್ಕೆ ನೇತುಹಾಕಿದ ಗಂಡನ ಸ್ವೆಟರಿನಲ್ಲಿ ಬಿಟ್ಟು.

ಕೇಳಿದರೆ ಅವನು ಕೊಡುವವನಲ್ಲ. ಹೆತ್ತ ಮಗನಿಗೇ ಒಂದು ದಿನದ ಮಟ್ಟಿಗೂ ಅದನ್ನು ಕೊಟ್ಟವನಲ್ಲ. ಅದಕ್ಕೇ ಅವನು ಅದನ್ನು ಬಿಚ್ಚಿಟ್ಟು ದನಕ್ಕೆ ನೀರು ಕುಡಿಸಲು ಹೋದಾಗ ಆಗೊಮ್ಮೆ ಈಗೊಮ್ಮೆ ಅವಳು ಅಂಚಿನ ಪಟ್ಟಿಯನ್ನು ಬಿಡಿಸಿ, ಅದರ ಮೇಲಿನಿಂದ ಎರಡು ಬೆರಳಷ್ಟು ಹೆಣಿಗೆ ಬಿಚ್ಚಿಕೊಂಡು, ಅಂಚನ್ನು ಮತ್ತೆ ಸೂಜಿಯಿಂದ ಕೂಡಿಸಿಬಿಡುತ್ತಿದ್ದಳು. ಎಂಥ ಕೈಚಳಕವೆಂದರೆ ಹೊಲಿಗೆ ಎಲ್ಲಿದೆಯೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಹಾಗೆ ಬಿಚ್ಚಿದ್ದನ್ನೆಲ್ಲ ಅವನ ಕಣ್ಣೆದುರಿಗೇ ಕೂತು ನೇಯುತ್ತಿದ್ದಳು. ಹೆಂಗಸರ ಬುಟ್ಟಿಯತ್ತ ಕಣ್ಣೆತ್ತಿ ನೋಡುವ ಗಂಡಸು ಆ ಗುಡ್ಡದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮುಸೆಂಬಿ ಊಟ ಅರ್ಧ ಮಾಡಿದ. ಆಮೇಲೆ ಕಾಲುಭಾಗ ಮಾಡಿದ. ಕೆನ್ನೆ ಒಳಗೆ ಹೋಯಿತು, ಬೆಲ್ಟಿಗೆ ಹೊಸ ತೂತು ಕೊರೆದುಕೊಂಡ. ಆದರೂ ಬೆಲ್ಟನ್ನು ನಂಬದೆ ಸ್ವೆಟರನ್ನೇ ನಂಬಿದ. ಗುರುವಾರ ಮಧ್ಯಾಹ್ನ, ಬೇಯಿಸಿದ ಮೆಕ್ಕೆಜೋಳ-ಹುರುಳಿಯ ತಟ್ಟೆಯನ್ನು ಮುಟ್ಟದೆ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

"ಮೈ ಇಳೀತಾ ಇದೆ, ಹೊಟ್ಟೆ ಏರ್ತಾ ಇದೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು, ಆರು ತಿಂಗಳೂ ಬದುಕಲಿಲ್ಲ. ಸೊಸೆ ಬರೋ ಹೊತ್ತಿಗೆ ನಾನಿರ್ತೀನೋ ಇಲ್ವೋ. ಒಂದೇ ಮಾತು, ಮುಥಾಮನ ಅಮ್ಮಾ. ನನ್ನನ್ನ ಹೂಳುವಾಗ ಈ ಸ್ವೆಟರೇ ಹಾಕಿ."

ಸ್ಯೊಂಬುವಾಳಿಗೆ ಮೊದಲು ಹೊಳೆದದ್ದು, ಮೂರನೆಯ ಪಟ್ಟಿಗೆ ಇನ್ನೂ ಬೇಕಾದ ನಾಲ್ಕು ಬೆರಳು ಕೆಂಪು ಉಣ್ಣೆ ಮಣ್ಣುಪಾಲಾಗುತ್ತದಲ್ಲ ಎಂದು. ಮರುಕ್ಷಣವೇ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ತನ್ನ ಜೊತೆ ಮೂವತ್ತೈದು ವರ್ಷ ಬಾಳಿದ ಮನುಷ್ಯ, ತನ್ನ ಬುಟ್ಟಿಯ ಹುಚ್ಚಿಗೆ ಉಪವಾಸ ಬಿದ್ದು ಸಾಯಲು ಹೊರಟಿದ್ದಾನೆ!

"ನಿಮಗೆ ಏನೂ ಆಗಿಲ್ಲ. ಹೊಟ್ಟೆ ಇದ್ದ ಹಾಗೇ ಇದೆ. ಸ್ವೆಟರನ್ನ ಕೆಳಗಿನಿಂದ ಬಿಚ್ಚಿದವಳು ನಾನು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮುಸೆಂಬಿ ಅವಳ ಕೈ ಹಿಡಿದುಕೊಂಡ. "ಸಾಯೋನಿಗೆ ಸಮಾಧಾನ ಆಗ್ಲಿ ಅಂತ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯೇ! ನಿನ್ನಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿದ್ದೆ."

"ಥೂ, ಸುಳ್ಳಲ್ಲ ಮಾರಾಯ್ರೇ!"

"ಆಯ್ತು ಬಿಡು, ಆಯ್ತು" ಎಂದು ಅವನು ಕಣ್ಣು ಮುಚ್ಚಿದ.

ಇನ್ನು ಮಾತಿನಿಂದ ಆಗುವ ಕೆಲಸವಲ್ಲವೆಂದು ಅವಳು ಕತ್ತರಿ ತಂದಳು. ಅವನ ಮೈಮೇಲಿದ್ದಂತೆಯೇ ಸ್ವೆಟರಿನ ಅಂಚಿನ ಬಳಿ ಒಂದು ಎಳೆ ಕತ್ತರಿಸಿ ಎಳೆದಳು. ಕೆಂಪು ದಾರ ಸರಸರ ಬಿಚ್ಚಿಕೊಂಡು ಅವಳ ಹೆಬ್ಬೆರಳಿಗೆ ಸುತ್ತತೊಡಗಿತು. ಮುಸೆಂಬಿ ಕಣ್ಣು ಬಿಟ್ಟ. ದಾರ ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಜನ್ಮದಲ್ಲಿ ಮೊದಲ ಸಲ ಅವಳ ಬುಟ್ಟಿಯನ್ನು ನೋಡಿದ. ಬೈಗುಳ ಬಂತೆಂದು ಅವಳು ಕಾಯುತ್ತಿದ್ದರೆ, ಅವನು ಎದ್ದು ಕೂತು ತಟ್ಟೆ ಎಳೆದುಕೊಂಡು ಗಬಗಬನೆ ತಿನ್ನತೊಡಗಿದ. ಅರ್ಧ ತಟ್ಟೆ ಖಾಲಿಯಾದ ಮೇಲೆ ಬಾಯಿ ತುಂಬ ಕಾಳಿಟ್ಟುಕೊಂಡೇ ತಲೆ ಚಚ್ಚಿಕೊಂಡ.

"ಅಯ್ಯೋ, ಮನೆಹಾಳಿ! ಸಾಯೋ ಮುಂಚೆ ಮನಸ್ಸು ಹಗುರ ಆಗ್ಲಿ ಅಂತ ಬೆಳಿಗ್ಗೆ ಪಕ್ಕದ ಹೊಲದ ಕಿಥೇಕನ ಮನೆಗೆ ಹೋಗಿದ್ದೆ ಕಣೇ. ಹದಿನೆಂಟು ವರ್ಷದ ಬೇಲಿ ಜಗಳ! ತಪ್ಪೆಲ್ಲ ನಂದೇ ಅಂದುಬಿಟ್ಟೆ. ಅವನೂ ಅತ್ತ, ನಾನೂ ಅತ್ತೆ. ಈಗ ಹೋಗಿ ಏನಂತ ಹೇಳ್ಲಿ, ಸ್ವೆಟರ್ ಗಿಡ್ಡ ಆಗಿತ್ತು ಅಂತಲಾ?"

ಸ್ಯೊಂಬುವಾ ಉತ್ತರ ಕೊಡುವಷ್ಟರಲ್ಲಿ ಅಂಗಳದಿಂದ ಯಾರೋ ಕೆಮ್ಮಿದರು. ಚರ್ಚಿಗೆ ಹಾಕುವ ಕೋಟು ತೊಟ್ಟು, ಎರಡೂ ಕೈಯಲ್ಲಿ ಗಂಜಿ ತುಂಬಿದ ಸೋರೆಬುರುಡೆ ಹಿಡಿದು ಕಿಥೇಕ ನಿಂತಿದ್ದ. ಹದಿನೆಂಟು ವರ್ಷದಲ್ಲಿ ಆ ಮನುಷ್ಯ ಅವರ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅವನ ಕಣ್ಣು ಇನ್ನೂ ಕೆಂಪಗಿತ್ತು.

ಮುಸೆಂಬಿ ಬಾಗಿಲಿನತ್ತ ನೋಡಿದ. ಆಮೇಲೆ ಬಾಯಲ್ಲಿದ್ದದ್ದನ್ನು ಗುಳುಕ್ಕನೆ ನುಂಗಿ, ತಟ್ಟೆಯನ್ನು ಮಂಚದಡಿಗೆ ತಳ್ಳಿ, ಕಂಬಳಿಯನ್ನು ಗಲ್ಲದವರೆಗೂ ಎಳೆದುಕೊಂಡು ಮಲಗಿದ.

"ಬಾ ಕಿಥೇಕ, ಬಾ ತಮ್ಮಾ" ಎಂದ ಸಣ್ಣ ದನಿಯಲ್ಲಿ. "ಇವತ್ತು ಒಂಚೂರು ವಾಸಿ ಅನ್ಸುತ್ತೆ. ಆದ್ರೂ ನೀನು ದಿನಾ ಬರ್ತಾ ಇರು."